ಧಾರವಾಡದ ಹುಡುಗನ ಅರ್ಜಿಯೂ ನಮ್ಮ ಮಕ್ಕಳ ನಿಬಂಧವೂ

ಪೋಸ್ಟು ಉದ್ದ ಆಗೇತಿ. ಪುರಸೊತ್ತು ಇದ್ದಾಗ ಓದ್ರಿ, ಆದರ ಪೂರಾ ಓದ್ರಿ.

ನಮ್ಮ ಓಣಿಯ ಅಂಬೇಡ್ಕರ್ ಭವನದಲ್ಲಿ ಪ್ರತಿ ಭಾನುವಾರ ಎಂಟು, ಒಂಬತ್ತು, ಹತ್ತನೇ ಇಯತ್ತೆಯ ಮಕ್ಕಳಿಗೆ ಇಂಗ್ಲಿಷ್ ಹೇಳಿಕೊಡ್ತೀವಿ. ಚಿಕ್ಕೋಡಿ ಕಡೆಯವರು, ರಾಯಬಾಗ ಕಡೆಯವರು, ಕನ್ನಡ ಸಾಲಿಯವರು, ಮರಾಠಿ ಸಾಲಿಯವರು ಎಲ್ಲ ಕೂಡಿ ಇಪ್ಪತ್ತು ಇಪ್ಪತ್ತೆರಡು ಹುಡುಗೂರು ಬರ್ತಾರೆ. ಹೋದ ತಿಂಗಳು ಒಂದು ಭಾನುವಾರ ‘ಮೈ ಫಾದರ್’ ಅಂತ ನಿಬಂಧ ಬರೀರಿ ಅಂದೆ. ಅರ್ಧ ತಾಸಿನಲ್ಲಿ ಎಲ್ಲರೂ ಬರೆದು ಕೊಟ್ಟರು. ಓದ್ತಾ ಹೋದರೆ ಒಂಬತ್ತು ಮಕ್ಕಳ ಅಪ್ಪಂದಿರು ಬ್ಯಾಂಕ್ ಮ್ಯಾನೇಜರು! ಒಂಬತ್ತೂ ಜನ ಕಾರಿನಲ್ಲಿ ಆಫೀಸಿಗೆ ಹೋಗ್ತಾರೆ, ಒಂಬತ್ತೂ ಜನ ಸಂಜೆ ಬಂದು ಮಕ್ಕಳಿಗೆ ನೀತಿಕತೆ ಹೇಳ್ತಾರೆ. ಅದರಲ್ಲಿ ಒಬ್ಬನ ಅಪ್ಪ ಆವಾಗ ಕಬ್ಬು ಕಡಿಯೋ ಗ್ಯಾಂಗಿನ ಜೋಡಿ ಕಾಗವಾಡದ ಕಡೆ ಹೋಗಿದ್ದ. ಇನ್ನೊಬ್ಬನ ಅಪ್ಪ ನಿಪ್ಪಾಣಿಯಲ್ಲಿ ತಂಬಾಕಿನ ಚೀಲ ಹೊರ್ತಾನೆ. ಎಲ್ಲಕ್ಕಿಂತ ಚೆಂದ ಅಕ್ಷರದಲ್ಲಿ ಬ್ಯಾಂಕ್ ಮ್ಯಾನೇಜರ್ ಅಪ್ಪನ ಬಗ್ಗೆ ಬರೆದ ಹುಡುಗಿಯ ತಾಯಿಗೆ ಸಣ್ಣಾಕಿ ಇದ್ದಾಗ ಮುತ್ತು ಕಟ್ಟಿದ್ದರು. ಆ ಮನೆಯಲ್ಲಿ ಅಪ್ಪ ಅನ್ನೋ ಮನುಷ್ಯ ಇಲ್ಲ.

‘ಇದು ಯಾಕ ಹಿಂಗ ಬರದಿ ತಂಗಿ?’ ಅಂತ ಕೇಳಿದೆ.

‘ಗೈಡಿನ್ಯಾಗ ಹಿಂಗ ಐತ್ರಿ ಅಣ್ಣಾ. ಹಂಗ ಬರದರ ಮಾರ್ಕ್ಸ್ ಬೀಳತಾವು.’

ತಪ್ಪು ಆ ಹುಡುಗಿಯದಲ್ಲ. ವಿಚಾರ ಮಾಡದೆ ಆ ವಿಷಯ ಕೊಟ್ಟವನು ನಾನು. ದೇವದಾಸಿ ಪದ್ಧತಿ ವಿರುದ್ಧ ಸ್ಟೇಜ್ ಮೇಲೆ ಇಪ್ಪತ್ತು ವರ್ಷ ಭಾಷಣ ಮಾಡಿದವನು, ನನ್ನ ಮುಂದೆ ಕೂತ ಮಗುವಿಗೆ ಅಪ್ಪನ ಬಗ್ಗೆ ಹತ್ತು ಸಾಲು ಬರಿ ಅಂದುಬಿಟ್ಟೆ. ಆ ರಾತ್ರಿ ನಿದ್ದೆ ಬರಲಿಲ್ಲ. ನಿಬಂಧ ಅನ್ನೋದು ನಮ್ಮ ಜನಕ್ಕೆ ಯಾವಾಗ ಬಂತು, ಯಾಕೆ ಬಂತು, ಯಾರು ಬರೆದರು ಅಂತ ಹಳೇ ಪುಸ್ತಕ ತೆಗೆದು ಕೂತೆ. ಅದನ್ನೇ ಇಲ್ಲಿ ಬರೀತಾ ಇದ್ದೀನಿ.

ಮೊದಲು ಪುಣೆಗೆ ಹೋಗಬೇಕು. 1855ನೇ ಇಸವಿ. ಜೋತಿಬಾ ಮತ್ತು ಸಾವಿತ್ರಿಬಾಯಿ ಫುಲೆ ದಂಪತಿಗಳ ಶಾಲೆಯಲ್ಲಿ ಓದ್ತಾ ಇದ್ದ ಮುಕ್ತಾಬಾಯಿ ಅನ್ನೋ ಹದಿನಾಲ್ಕು ವರ್ಷದ ಮಾಂಗ ಹುಡುಗಿ ಮರಾಠಿಯಲ್ಲಿ ಒಂದು ನಿಬಂಧ ಬರೆದಳು. ವಿಷಯ, ಮಾಂಗ ಮಹಾರರ ದುಃಖ. ಅದು ‘ಜ್ಞಾನೋದಯ’ ಪತ್ರಿಕೆಯಲ್ಲಿ ಆ ವರ್ಷದ ಫೆಬ್ರವರಿ, ಮಾರ್ಚಿನಲ್ಲಿ ಎರಡು ಕಂತಾಗಿ ಅಚ್ಚಾಯಿತು. ನಮ್ಮ ಕಡೆ ಮಾದರು ಅಂತೀವಲ್ಲ, ಅದೇ ಸಮುದಾಯದ ಹುಡುಗಿ ಅವಳು. ಆ ನಿಬಂಧದಲ್ಲಿ ಹಸು ಇಲ್ಲ, ಹೂದೋಟ ಇಲ್ಲ. ವೇದ ತಮ್ಮೊಬ್ಬರದೇ ಅನ್ನೋರು ನಮಗೆ ಯಾವ ಧರ್ಮ ಉಳಿಸಿದ್ದಾರೆ ಅಂತ ಕೇಳ್ತಾಳೆ. ತಲೆ ಮೇಲೆ ಸೂರಿಲ್ಲದೆ ಹೆರಿಗೆಯಾಗೋ ನಮ್ಮ ಹೆಣ್ಣುಮಕ್ಕಳ ಗೋಳು ಬರೀತಾಳೆ. ಶಾಲೆಗೆ ಸೇರಿ ಆಗಿದ್ದು ಕೆಲವೇ ವರ್ಷ. ಅಷ್ಟರಲ್ಲಿ ತನ್ನ ಕಣ್ಣಿಗೆ ಕಂಡಿದ್ದನ್ನ ತನ್ನ ಮಾತಿನಲ್ಲಿ ಬರೆಯೋದು ಕಲಿತಿದ್ದಳು. ಆಕೆಗೆ ಕಲಿಸಿದವರು ಗೈಡು ಕೊಟ್ಟಿರಲಿಲ್ಲ.

ಇದಾದ ಮರುವರ್ಷದ ಸಂಗತಿ ನಮ್ಮ ಧಾರವಾಡದ್ದು. ಧಾರವಾಡ ವಿದ್ಯಾಕಾಶಿ ಅಂತ ಹೆಮ್ಮೆಯಿಂದ ಹೇಳ್ತೀವಿ. ಹೇಳೋಣ, ಬ್ಯಾಡ ಅನ್ನೋದಿಲ್ಲ. ಆದರೆ 1856ರ ಜೂನಿನಲ್ಲಿ ಆ ವಿದ್ಯಾಕಾಶಿಯ ಸರ್ಕಾರಿ ಶಾಲೆಗೆ ತನ್ನನ್ನ ಸೇರಿಸಿಕೊಳ್ಳಿ ಅಂತ ಒಬ್ಬ ಮಹಾರ ಹುಡುಗನ ಅರ್ಜಿ ಮುಂಬಯಿ ಸರ್ಕಾರದ ಮುಂದೆ ಹೋಯಿತು. ಜುಲೈ 21ಕ್ಕೆ ಸರ್ಕಾರ ಠರಾವು ಮಾಡಿತು. ಏನಂತ ಗೊತ್ತಾ? ನ್ಯಾಯ ಅರ್ಜಿದಾರನ ಕಡೆ ಇದೆ ಅಂತ ಒಪ್ಪಿಕೊಂಡಿತು. ಒಪ್ಪಿಕೊಂಡು, ಒಬ್ಬಿಬ್ಬರ ಸಲುವಾಗಿ ಕಾಲಾಂತರದಿಂದ ಬಂದ ಜನರ ಭಾವನೆಗೆ ಕೈ ಹಾಕಿದರೆ ಶಿಕ್ಷಣದ ಕೆಲಸಕ್ಕೇ ಧಕ್ಕೆ ಆಗ್ತದೆ, ಈ ತೊಂದರೆ ನಾವು ಹುಟ್ಟಿಸಿದ್ದಲ್ಲ, ಹಾಗಾಗಿ ಇವನ ಪರವಾಗಿ ನಡುವೆ ಬರಲಾರೆವು ಅಂತ ಕೈ ತೊಳೆದುಕೊಂಡಿತು. ನ್ಯಾಯ ನಿನ್ನದು, ಶಾಲೆ ಮಾತ್ರ ಅವರದು!

ಕಾಗದ ಅಲ್ಲಿಗೆ ನಿಲ್ಲಲಿಲ್ಲ. 1857ರ ಜನವರಿಯಲ್ಲಿ ಕಲ್ಕತ್ತೆಯ ಭಾರತ ಸರ್ಕಾರ, ಮುಂಬಯಿಯವರು ಮಾಡಿದ್ದು ಜಾಣತನ ಇರಬಹುದು, ಆದರೆ ಬಂಗಾಳದಲ್ಲಾಗಿದ್ದರೆ ಈ ಹುಡುಗನಿಗೆ ಯಾವ ಸರ್ಕಾರಿ ಶಾಲೆಯೂ ಇಲ್ಲ ಅಂತಿರಲಿಲ್ಲ ಅಂತ ಬರೆಯಿತು. ಅಲ್ಲಿಂದ ಲಂಡನ್ನಿಗೆ. 1858ರ ಏಪ್ರಿಲಿನಲ್ಲಿ ಕಂಪನಿಯ ಡೈರೆಕ್ಟರುಗಳು ಸರ್ಕಾರದ ಶಾಲೆಗಳು ಎಲ್ಲ ವರ್ಗದವರಿಗೂ ತೆರೆದಿರಬೇಕು, ಈ ತತ್ವ ಬಿಡಲಿಕ್ಕೆ ಬರೋದಿಲ್ಲ ಅಂತ ಹೇಳಿದರು. ಧಾರವಾಡ, ಮುಂಬಯಿ, ಕಲ್ಕತ್ತೆ, ಲಂಡನ್. ಎರಡು ವರ್ಷ ಆ ಹುಡುಗನ ಬಗ್ಗೆ ಸಾಹೇಬರು ಇಂಗ್ಲಿಷಿನಲ್ಲಿ ಪತ್ರ ಬರೆದುಕೊಂಡರು. ಆ ಠರಾವಿನಲ್ಲಿ ಅವನಿಗೊಂದು ಹೆಸರೂ ಇಲ್ಲ, ಬರೀ ‘ಮಹಾರ ಅರ್ಜಿದಾರ’. ತನ್ನ ಹಣೆಬರಹ ನಿರ್ಧಾರ ಆಗ್ತಾ ಇದ್ದ ಭಾಷೆಯ ಒಂದು ಸಾಲು ಓದುವ ಅವಕಾಶವೂ ಅವನಿಗೆ ಇರಲಿಲ್ಲ. ಓದೋದಕ್ಕೆ ಅಂತಲೇ ಅಲ್ಲವೇ ಅವನು ಶಾಲೆ ಕೇಳಿದ್ದು?

ಇಂಗ್ಲಿಷ್ ಯಾಕೆ ಬೇಕು ಅಂತ ನನ್ನ ಸಾಹಿತಿ ಗೆಳೆಯರು ಆಗಾಗ ಕೇಳ್ತಾರೆ. ನನಗೆ ಈ ಹುಡುಗ ನೆನಪಾಗ್ತಾನೆ.

ಲಂಡನ್ನಿನಲ್ಲಿ ತತ್ವ ಹೇಳಿದರೆ ಇಲ್ಲಿ ಬಾಗಿಲು ತೆರೆಯೋದಿಲ್ಲ. 1882ರ ಹಂಟರ್ ಆಯೋಗದ ಹೊತ್ತಿಗೂ ಮುಂಬಯಿ ಪ್ರಾಂತ್ಯದ ಹೈಸ್ಕೂಲು, ಕಾಲೇಜುಗಳ ಲೆಕ್ಕದಲ್ಲಿ ಕೆಳಜಾತಿಯ ಸಾಲಿನ ಮುಂದೆ ಸೊನ್ನೆ ಇತ್ತು. ನಮ್ಮ ಚಿಕ್ಕೋಡಿ, ಅಥಣಿ ಆ ಪ್ರಾಂತ್ಯದೊಳಗೇ ಇದ್ದವು. ಇಂಗ್ಲಿಷ್ ಶುರುವಾಗ್ತಿದ್ದದ್ದು ಮೇಲಿನ ಇಯತ್ತೆಗಳಲ್ಲಿ. ಅಲ್ಲಿಗೆ ನಾವು ಮುಟ್ಟಲೇ ಇಲ್ಲ.

ರಾಯಬಾಗದ ಕತೆ ಸ್ವಲ್ಪ ಬೇರೆ. ಇದು ನಮ್ಮ ಹುಡುಗೂರಿಗೆ ಗೊತ್ತೇ ಇಲ್ಲ, ಅದಕ್ಕೆ ಹೇಳ್ತೀನಿ. ರಾಯಬಾಗ ಬ್ರಿಟಿಷರ ನೇರ ಆಳ್ವಿಕೆಯಲ್ಲಿ ಇರಲಿಲ್ಲ, ಕೊಲ್ಹಾಪುರ ಸಂಸ್ಥಾನದ್ದು. 1949ರಲ್ಲಿ ಸಂಸ್ಥಾನ ವಿಲೀನ ಆದ ಮೇಲೆ ಬೆಳಗಾವಿ ಜಿಲ್ಲೆಗೆ ಬಂತು. ಅಂದರೆ ರಾಯಬಾಗದ ದಲಿತರು ಶಾಹೂ ಮಹಾರಾಜರ ಪ್ರಜೆಗಳು. 1902ರ ಜುಲೈ 26ರಂದು ಸಂಸ್ಥಾನದ ನೌಕರಿಯಲ್ಲಿ ಹಿಂದುಳಿದವರಿಗೆ ಶೇಕಡಾ 50 ಮೀಸಲು ಅಂದ ಮಹಾರಾಜರು ಅವರು. 1908ರಲ್ಲಿ ಕೊಲ್ಹಾಪುರದಲ್ಲಿ ಅಸ್ಪೃಶ್ಯ ವಿದ್ಯಾರ್ಥಿಗಳಿಗಾಗಿ ಮಿಸ್ ಕ್ಲಾರ್ಕ್ ಬೋರ್ಡಿಂಗ್ ಎದ್ದಿತು. 1917ರಲ್ಲಿ ಪ್ರಾಥಮಿಕ ಶಿಕ್ಷಣ ಕಡ್ಡಾಯ, ಅದೂ ಪುಕ್ಕಟೆ. 1919ರಲ್ಲಿ ಅಸ್ಪೃಶ್ಯರಿಗೆ ಬೇರೆ ಶಾಲೆ ಬೇಡ, ಎಲ್ಲರ ಜೋಡಿಯೇ ಕೂಡಬೇಕು ಅಂತ ಹುಕುಮು. ಚಿಕ್ಕೋಡಿಯಿಂದ ರಾಯಬಾಗಕ್ಕೆ ಬಸ್ಸಿನಲ್ಲಿ ಎಷ್ಟು ಹೊತ್ತು ಹೇಳ್ರಿ? ಇಷ್ಟು ಹತ್ತಿರದ ಎರಡು ಊರಿನ ಹುಡುಗರು ಯಾರ ಹದ್ದಿನಲ್ಲಿ ಹುಟ್ಟಿದರು ಅನ್ನೋದರ ಮೇಲೆ ಕಾನೂನು ಬೇರೆ ಆಗ್ತಿತ್ತು. ಹುಕುಮು ಕಾಗದದಲ್ಲಿ ಇದ್ದ ಮಾತ್ರಕ್ಕೆ ಹಳ್ಳಿ ಮಾಸ್ತರ ಪಾಲಿಸಿದ ಅಂತ ನಾನು ಹೇಳೋದಿಲ್ಲ. ಮಾಸ್ತರರನ್ನ ನಾವು ಕಂಡಿಲ್ಲವೇ!

ಈಗ ಬಾಬಾಸಾಹೇಬರಿಗೆ ಬರೋಣ. ಅವರ ಇಂಗ್ಲಿಷಿನ ಬಗ್ಗೆ ನಮ್ಮಲ್ಲಿ ಭಾಳ ಮಂದಿ ಕೊಲಂಬಿಯಾ, ಲಂಡನ್ ಅಂತಲೇ ಶುರು ಮಾಡ್ತಾರೆ. ಅದು ಶುರುವಾದದ್ದು ಮುಂಬಯಿಯ ಪರಳದ ಚಾಳಿನ ಒಂದು ಕೋಣೆಯಲ್ಲಿ. ತಂದೆ ರಾಮಜಿ ಸಕ್ಪಾಳರು ಮಿಲಿಟರಿ ಶಾಲೆಯಲ್ಲಿ ಕಲಿಸಿದವರು. ಮಗನಿಗೆ ಹೋವರ್ಡ್ ಅವರ ಇಂಗ್ಲಿಷ್ ಪುಸ್ತಕ, ತರ್ಖಡಕರರ ಭಾಷಾಂತರ ಪಾಠಮಾಲೆ ಎರಡನ್ನೂ ಪಾಠ ಮಾಡಿಸಿದರು. ನಿಪ್ಪಾಣಿ ಕಡೆ ಮರಾಠಿ ಸಾಲಿ ಕಲಿತ ಹಿರಿಯರಿಗೆ ತರ್ಖಡಕರ ಹೆಸರು ಹೇಳಿ ನೋಡ್ರಿ, ಕಣ್ಣು ಅರಳ್ತಾವು. ಅದರ ವಿಧಾನ ಸರಳ. ನಿನ್ನ ಭಾಷೆಯ ವಾಕ್ಯ ಇಂಗ್ಲಿಷಿಗೆ ಮಾಡು, ಇಂಗ್ಲಿಷಿನದ್ದು ನಿನ್ನ ಭಾಷೆಗೆ ಮಾಡು. ಸಣ್ಣ ವಾಕ್ಯದಿಂದ ದೊಡ್ಡದಕ್ಕೆ ಹೋಗು. ಕೋಣೆಯಲ್ಲಿ ಜಾಗ ಇಲ್ಲ ಅಂತ ರಾಮಜಿ ಮಗನನ್ನ ಬೇಗ ಮಲಗಿಸಿ, ತಾವು ಎಚ್ಚರ ಇದ್ದು, ರಾತ್ರಿ ಎರಡಕ್ಕೆ ಎಬ್ಬಿಸಿ ಓದಲು ಕೂಡಿಸಿ, ಆಮೇಲೆ ಅದೇ ಜಾಗದಲ್ಲಿ ತಾವು ಮಲಗ್ತಿದ್ದರು. ಪುಸ್ತಕಕ್ಕೆ ರೊಕ್ಕ ಇಲ್ಲದಾಗ ಮದುವೆಯಾದ ಮಗಳ ಹತ್ತಿರ ಹೋಗಿ ಒಡವೆ ಇಸಿದುಕೊಂಡು ಒತ್ತೆ ಇಟ್ಟರು. ಎಲ್ಫಿನ್‌ಸ್ಟನ್ ಹೈಸ್ಕೂಲಿನಲ್ಲಿ ಸಂಸ್ಕೃತ ಕಲಿಯಲು ಬಿಡಲಿಲ್ಲ, ಪರ್ಶಿಯನ್ ತಗೊಂಡರು. 1907ರಲ್ಲಿ ಮೆಟ್ರಿಕ್ ಪಾಸು.

ಅಲ್ಲಿಂದ ಒಂಬತ್ತು ವರ್ಷಕ್ಕೆ, 1916ರ ಮೇ 9ರಂದು, ನ್ಯೂಯಾರ್ಕಿನಲ್ಲಿ ಗೋಲ್ಡನ್‌ವೈಸರ್ ಅವರ ಸೆಮಿನಾರಿನಲ್ಲಿ ಭಾರತದ ಜಾತಿಗಳ ಬಗ್ಗೆ ಪ್ರಬಂಧ ಓದಿದರು. ಇಪ್ಪತ್ತೈದು ವರ್ಷ ವಯಸ್ಸು. ಮುಂದಿನ ವರ್ಷ ‘ಇಂಡಿಯನ್ ಆಂಟಿಕ್ವೆರಿ’ಯಲ್ಲಿ ಅಚ್ಚಾಯಿತು. ಇವತ್ತು ಜಗತ್ತಿನ ವಿಶ್ವವಿದ್ಯಾಲಯಗಳಲ್ಲಿ ಪಾಠ ಇರೋ ಈ ಬರಹ ಅವತ್ತು ಏನು? ಕ್ಲಾಸಿನಲ್ಲಿ ಓದಲು ಬರೆದ ವಿದ್ಯಾರ್ಥಿಯ ನಿಬಂಧ. ನಮ್ಮ ಹುಡುಗೂರಿಗೆ ಇದನ್ನ ಹೇಳಿದಾಗ ಹಿಂದಿನ ಸಾಲಿನವನೊಬ್ಬ ‘ಅಂದ್ರ ಬಾಬಾಸಾಹೇಬರಿಗೂ ಹೋಮ್‌ವರ್ಕ್ ಇತ್ತೇನ್ರಿ?’ ಅಂದ. ಇತ್ತಪ್ಪ, ನಿನಗಿಂತ ಜಾಸ್ತಿ ಇತ್ತು.

ಈಗ ನಿಪ್ಪಾಣಿ. 1925ರ ಏಪ್ರಿಲಿನಲ್ಲಿ ಮುಂಬಯಿ ಪ್ರಾಂತ್ಯದ ಬಹಿಷ್ಕೃತರ ಪರಿಷತ್ತು ನಿಪ್ಪಾಣಿಯಲ್ಲಿ ಸೇರಿತು. ಬಾಬಾಸಾಹೇಬರೇ ಅಧ್ಯಕ್ಷರು. ಮೊನ್ನೆ 2025ಕ್ಕೆ ನೂರು ವರ್ಷ ತುಂಬಿತು. ಫ್ಲೆಕ್ಸು ಹಾಕಿದೆವು, ಮೆರವಣಿಗೆ ಮಾಡಿದೆವು. ಒಂದು ಫ್ಲೆಕ್ಸಿನ ಮೇಲೆ ‘ಸೆಂಟಿನರಿ’ ಸ್ಪೆಲ್ಲಿಂಗ್ ತಪ್ಪಿತ್ತು. ಹಾಕಿದವರಲ್ಲಿ ನಾನೂ ಒಬ್ಬ, ಅದಕ್ಕೆ ನಗಲಿಕ್ಕೆ ನನಗೆ ಹಕ್ಕು ಇದೆ.

ಆ ಪರಿಷತ್ತಿಗೆ ಮೂರು ತಿಂಗಳು ಮುಂಚೆ, 1925ರ ಜನವರಿ 4ರಂದು, ಬಹಿಷ್ಕೃತ ಹಿತಕಾರಿಣಿ ಸಭಾ ಸೊಲ್ಲಾಪುರದಲ್ಲಿ ಹೈಸ್ಕೂಲು ಹುಡುಗರ ಹಾಸ್ಟೆಲ್ ತೆರೆದಿತ್ತು. ಸಭಾದ ಆಸರೆಯಲ್ಲಿ ನಮ್ಮ ವಿದ್ಯಾರ್ಥಿಗಳು ‘ಸರಸ್ವತಿ ವಿಲಾಸ’ ಅಂತ ತಮ್ಮದೇ ಮಾಸಪತ್ರಿಕೆ ನಡೆಸಿದರು. ಮುಂಬಯಿಯಲ್ಲಿ ಸಭಾದ ಪುಕ್ಕಟೆ ವಾಚನಾಲಯ ಇತ್ತು, ಹಾಕಿ ಕ್ಲಬ್ಬೂ ಇತ್ತು. ಊಟ, ವಸತಿ, ಆಟ, ಓದು, ಬರಹ ಎಲ್ಲ ಒಂದೇ ಚಳವಳಿಯೊಳಗೆ. ನಾವು ಈಗ ಹಾಸ್ಟೆಲ್ ಹೋರಾಟ ಅಂದರೆ ಅಕ್ಕಿ, ಬೇಳೆ, ಹಾಸಿಗೆ ತನಕ ಬಂದು ನಿಲ್ಲಿಸ್ತೀವಿ. ಅಷ್ಟಕ್ಕೇ ಬಡಿದಾಡಬೇಕಾದ ಪರಿಸ್ಥಿತಿ ಇದೆ ಅನ್ನೋದೂ ಖರೆ.

ಮೂರು ವರ್ಷ ಮುಂದೆ ಹೋಗ್ರಿ. 1928ರ ಮೇ 29. ಸೈಮನ್ ಕಮಿಷನ್ನಿಗೆ ಸಭಾದ ಪರವಾಗಿ ಬಾಬಾಸಾಹೇಬರು ಮುಂಬಯಿ ಪ್ರಾಂತ್ಯದ ದಲಿತರ ಶಿಕ್ಷಣದ ಸ್ಥಿತಿಯ ಬಗ್ಗೆ ಒಂದು ಹೇಳಿಕೆ ಸಲ್ಲಿಸಿದರು. ಇಂಗ್ಲಿಷಿನಲ್ಲಿ. ಅದರೊಳಗೆ ಅವರು ಏನು ಹೊರತೆಗೆದರು ಗೊತ್ತಾ? ಆ ಧಾರವಾಡದ ಹುಡುಗನ ಪ್ರಕರಣ. 72 ವರ್ಷದ ಹಿಂದಿನ ಠರಾವನ್ನು, ಸರ್ಕಾರದ್ದೇ ಮಾತನ್ನು, ಅಂಕಿಸಂಖ್ಯೆ ಜೋಡಿಸಿ ಸರ್ಕಾರದ ಮುಂದೆಯೇ ಇಟ್ಟರು. ಆವತ್ತು ಸಾಹೇಬರು ತಮ್ಮತಮ್ಮಲ್ಲಿ ಬರೆದುಕೊಂಡ ಕಾಗದಕ್ಕೆ ನಮ್ಮವರೊಬ್ಬರು ಅವರದ್ದೇ ಭಾಷೆಯಲ್ಲಿ ಉತ್ತರ ಬರೆದರು. ನಾನು ಈ ಭಾಗ ಓದುವಾಗೆಲ್ಲ ಒಂದು ಕ್ಷಣ ಪುಸ್ತಕ ಮುಚ್ಚಿ ಕೂತುಬಿಡ್ತೀನಿ.

ಇನ್ನೊಂದು ಮಾತು. ಅದೇ 1928ರಲ್ಲಿ ಹುಟ್ಟಿದ ದಲಿತ ಶಿಕ್ಷಣ ಸಂಸ್ಥೆಯ ಹಾಸ್ಟೆಲುಗಳಲ್ಲಿ ಒಂದು ಧಾರವಾಡಕ್ಕೇ ಬಂತು. ಹುಡುಗನನ್ನು ಹೊರಗಿಟ್ಟ ಅದೇ ಧಾರವಾಡ. ಅದನ್ನು ನೋಡಿಕೊಂಡವರು ನಮ್ಮ ನಿಪ್ಪಾಣಿಯ ಬಳವಂತರಾವ್ ವರಾಳೆ. ಬಾಬಾಸಾಹೇಬರ ಒಡನಾಡಿ. ಮುಂದೆ ಅವರ ಮಾತಿನ ಮೇಲೆ ಔರಂಗಾಬಾದಿಗೆ ಹೋಗಿ ಮಿಲಿಂದ ಕಾಲೇಜಿನ ಜವಾಬ್ದಾರಿ ಹೊತ್ತರು. ಆ ಒಡನಾಟದ ನೆನಪುಗಳನ್ನು ಮರಾಠಿಯಲ್ಲಿ ಬರೆದಿಟ್ಟಿದ್ದಾರೆ. ಅವರ ಮೊಮ್ಮಗ, ನಿಪ್ಪಾಣಿಯಲ್ಲೇ ಹುಟ್ಟಿದ ನ್ಯಾಯಮೂರ್ತಿ ಪ್ರಸನ್ನ ವರಾಳೆ, 2022ರಲ್ಲಿ ನಮ್ಮ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿ ಆದರು, 2024ರ ಜನವರಿಯಲ್ಲಿ ಸುಪ್ರೀಂ ಕೋರ್ಟಿಗೆ ಹೋದರು. ನಿಪ್ಪಾಣಿ ಅಂದರೆ ತಂಬಾಕು, ಬೀಡಿ ಅಷ್ಟೇ ಅಂತ ಯಾರಾದರೂ ಅಂದರೆ ಇದನ್ನೂ ಹೇಳ್ರಿ.

ಇಷ್ಟು ಇತಿಹಾಸ ಇಟ್ಟುಕೊಂಡು ನಮ್ಮ ಮಕ್ಕಳು ಬ್ಯಾಂಕ್ ಮ್ಯಾನೇಜರ್ ಅಪ್ಪನನ್ನ ಬಾಯಿಪಾಠ ಮಾಡ್ತಾ ಇದ್ದಾರೆ. ನಾನೂ ಮಾಡಿದವನೇ. ಹೈಸ್ಕೂಲಿನಲ್ಲಿ ಒಮ್ಮೆ ನಮ್ಮೂರ ಜಾತ್ರೆ ಬಗ್ಗೆ ನನ್ನ ಹರಕು ಇಂಗ್ಲಿಷಿನಲ್ಲಿ ಬರೆದಿದ್ದೆ. ಗುಡಿಯ ಹೊರಗೆ ನಿಂತು ನೋಡಿದ್ದನ್ನೇ ಬರೆದಿದ್ದೆ. ಮಾಸ್ತರರು ಪೂರ್ತಿ ಓದದೆ ಕೆಂಪು ಗೀಟು ಎಳೆದು, ‘ಶಾಣ್ಯಾತನ ಬ್ಯಾಡ, ಗೈಡು ನೋಡಿ ಬರಿ’ ಅಂದರು. ಆ ಗೀಟು ದಾಟೋಕೆ ನನಗೆ ಹದಿನೈದು ವರ್ಷ ಬೇಕಾಯಿತು.

ಕನ್ನಡ ಬೇಕೋ ಇಂಗ್ಲಿಷ್ ಬೇಕೋ ಅನ್ನೋ ಜಗಳಕ್ಕೆ ನಾನು ಇಳಿಯೋದಿಲ್ಲ. 2014ರ ಮೇ 6ರಂದು ಸುಪ್ರೀಂ ಕೋರ್ಟು ಮಾತೃಭಾಷಾ ಮಾಧ್ಯಮವನ್ನ ಸರ್ಕಾರ ಕಡ್ಡಾಯ ಮಾಡೋಹಂಗಿಲ್ಲ ಅಂತ ಹೇಳಿದ ಮೇಲೆ ಉಳ್ಳವರ ಮಕ್ಕಳು ಯಾವ ಕಡೆ ಹೋದರು ಅಂತ ಎಲ್ಲರಿಗೂ ಗೊತ್ತು. ಸರ್ಕಾರಿ ಕನ್ನಡ ಸಾಲಿ, ಮರಾಠಿ ಸಾಲಿಯಲ್ಲಿ ಉಳಿದವರು ಯಾರು ಅನ್ನೋದೂ ಗೊತ್ತು. ಮುಕ್ತಾ ಮರಾಠಿಯಲ್ಲೇ ಬರೆದಳು, ಬಾಬಾಸಾಹೇಬರು ಮೂಕನಾಯಕವನ್ನ ಮರಾಠಿಯಲ್ಲೇ ತಂದರು. ತನ್ನ ಭಾಷೆಯಲ್ಲಿ ಖರೆ ಬರೆಯಲು ಬಾರದ ಮಗು ಇಂಗ್ಲಿಷಿನಲ್ಲಿ ಬರೀತದೆ ಅಂತ ನನಗೆ ಅನ್ನಿಸೋದಿಲ್ಲ. ಹಂಗಂತ ಇಂಗ್ಲಿಷ್ ನಿಮಗೆ ಯಾಕ ಅನ್ನೋರಿಗೆ ನಾನು ಕಿವಿ ಕೊಡೋನೂ ಅಲ್ಲ.

ಆ ಭಾನುವಾರದ ನಂತರ ಭವನದಲ್ಲಿ ಪದ್ಧತಿ ಬದಲು ಮಾಡಿದ್ದೀವಿ. ರಾಮಜಿಯವರ ದಾರಿಯೇ. ಗೈಡು ಮನೆಯಲ್ಲಿ ಇಟ್ಟು ಬರಬೇಕು. ಮೊದಲು ಬಾಯಿಂದ ಹೇಳಬೇಕು, ತಮ್ಮ ಮಾತಿನಲ್ಲಿ. ನಿನ್ನೆ ಮನೆಯಲ್ಲಿ ಏನಾಯಿತು, ಯಾರು ಏನಂದರು. ಅದನ್ನು ಕನ್ನಡದಲ್ಲೋ ಮರಾಠಿಯಲ್ಲೋ ಐದು ಸಾಲು ಬರೆಯಬೇಕು. ಆಮೇಲೆ ಒಂದೊಂದೇ ಸಾಲು ಇಂಗ್ಲಿಷಿಗೆ. ಯಾರು ಮಾಡಿದರು ಅನ್ನೋದು ಮೊದಲು, ಏನು ಮಾಡಿದರು ಅನ್ನೋದು ಅದರ ಬೆನ್ನಿಗೆ, ಯಾವುದನ್ನ ಅನ್ನೋದು ಕೊನೆಗೆ. ನಮ್ಮ ಭಾಷೆಯಲ್ಲಿ ಕ್ರಿಯಾಪದ ಕೊನೆಗೆ ಬರ್ತದೆ, ಅಲ್ಲೇ ಮಕ್ಕಳು ಎಡವೋದು. ಡಿಕ್ಷನರಿಯಲ್ಲಿ ಒಬ್ಬರಿಗೆ ಮೂರು ಶಬ್ದ ಹುಡುಕೋ ಕೆಲಸ. ಮರುವಾರ ಇಂಗ್ಲಿಷ್ ಸಾಲು ನೋಡಿ ತಿರುಗಿ ತಮ್ಮ ಭಾಷೆಗೆ ಮಾಡಬೇಕು. ಅರ್ಥ ಕೆಟ್ಟಿದ್ದರೆ ಅವರಿಗೇ ಗೊತ್ತಾಗ್ತದೆ. ತಪ್ಪಿಗೆ ಕೆಂಪು ಪೆನ್ನು ಇಲ್ಲ, ಪೆನ್ಸಿಲ್.

ತಿಂಗಳಿಗೊಂದು ಅರ್ಜಿ ಬರೆಸ್ತೀವಿ. ಬೀದಿದೀಪದ ಸಲುವಾಗಿ, ಸ್ಕಾಲರ್‌ಶಿಪ್ಪು ಜಮಾ ಆಗದ್ದಕ್ಕೆ. ಕನ್ನಡದಲ್ಲಿ ಬರೆದದ್ದನ್ನ ಖರೇನೇ ಕಚೇರಿಗೆ ಕೊಟ್ಟು ಬರ್ತೀವಿ, ಇಂಗ್ಲಿಷಿನದ್ದು ವಹಿಯಲ್ಲಿ ಇರ್ತದೆ.

ಮಳೆಗಾಲದ ಬಗ್ಗೆ ಬರೀರಿ ಅಂದಾಗ ಕೃಷ್ಣಾ ದಂಡೆಯ ಒಬ್ಬ ಹುಡುಗ 2019ರ ಮಹಾಪೂರ ಬರೆದ. ಆಗ ಅವನು ಬಹಳ ಸಣ್ಣವ. ಗೈಡಿನಲ್ಲಿ ಪ್ರವಾಹಕ್ಕೆ ಕಾರಣ, ಪರಿಣಾಮ, ಪರಿಹಾರ ಅಂತ ಮೂರು ಪ್ಯಾರಾ ಇರ್ತಾವು. ಇವನ ಮೊದಲ ಸಾಲು, ‘ಅವರ್ ಬಫೆಲೋ ವಾಸ್ ಕ್ರೈಯಿಂಗ್ ಇನ್ ದಿ ನೈಟ್’. ನೀರು ಬಂದಾಗ ಎಮ್ಮೆಯ ಹಗ್ಗ ಬಿಚ್ಚಲು ಅಜ್ಜ ತಿರುಗಿ ಹೋದದ್ದು, ಕಾಳಜಿ ಕೇಂದ್ರದಲ್ಲಿ ಊಟಕ್ಕೆ ನಮ್ಮ ಓಣಿಯವರು ಬೇರೆ ಸಾಲಿನಲ್ಲಿ ಕೂತದ್ದು, ಎಲ್ಲ ಇತ್ತು. ಎಂಟು ವ್ಯಾಕರಣ ತಪ್ಪು ಇದ್ದವು. ಆರು ತಿದ್ದಿದೆವು, ಎರಡು ನನಗೂ ತಿಳಿಯಲಿಲ್ಲ, ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸೋ ಗೆಳೆಯನಿಗೆ ಫೋನ್ ಮಾಡಿದೆ.

ಆ ಹುಡುಗಿಯ ಮಾತು ಬಾಕಿ ಇದೆ. ಹೆಸರು, ಊರು ಹೇಳೋದಿಲ್ಲ, ಕೇಳಬೇಡಿ. ಮುತ್ತು ಕಟ್ಟೋದನ್ನ ನಿಲ್ಲಿಸೋ ಕಾಯ್ದೆ ಕರ್ನಾಟಕದಲ್ಲಿ 1982ರದ್ದು. ಅಥಣಿಯ ವಿಮೋಚನಾ ಸಂಘದವರು ಆ ತಾಯಂದಿರ ಮಕ್ಕಳಿಗೆ ವಸತಿ ಶಾಲೆ ಕಟ್ಟಿ ದಶಕಗಳಾದವು. ಇಷ್ಟಾದರೂ ಶಾಲೆ ಫಾರ್ಮಿನ ‘ತಂದೆಯ ಹೆಸರು’ ಅನ್ನೋ ಖಾನೆ ಮುಂದೆ ಈ ಮಕ್ಕಳ ಪೆನ್ನು ನಿಂತೇ ನಿಲ್ತಿತ್ತು. 2025ರಲ್ಲಿ ಬಂದ ಹೊಸ ಕಾಯ್ದೆ ಆ ಖಾನೆ ತುಂಬಲೇಬೇಕು ಅನ್ನೋದನ್ನ ತೆಗೆದಿದೆ. ನಾನು ಮಾತ್ರ ಅದೇ ಖಾನೆಯನ್ನ ನಿಬಂಧದ ವಿಷಯ ಮಾಡಿ ಕೊಟ್ಟಿದ್ದೆ.

ಮುಂದಿನ ಭಾನುವಾರ ಎಲ್ಲರ ಮುಂದೆ ಹೇಳಿದೆ, ಹೋದ ವಾರ ನಾನು ಕೊಟ್ಟ ವಿಷಯ ತಪ್ಪಿತ್ತು, ನಿಮ್ಮ ಮನೆಯಲ್ಲಿ ಎಲ್ಲರಿಗಿಂತ ಮೊದಲು ಏಳೋರು ಯಾರು, ಅವರ ಬಗ್ಗೆ ಬರೀರಿ ಅಂತ. ಆಕೆ ಕನ್ನಡದಲ್ಲಿ ಹನ್ನೊಂದು ಸಾಲು ಬರೆದಳು, ಇಂಗ್ಲಿಷಿಗೆ ಏಳು ಬಂದವು. ಅವ್ವ ನಸುಕಿನಲ್ಲಿ ಎದ್ದು ಬೀಡಿ ಎಲೆ ನೆನೆಸೋದು, ದಿನಕ್ಕೆ ಎಷ್ಟು ಕಟ್ಟು ಅನ್ನೋದು, ಸೇಠ್ ತೆಗೆದು ಹಾಕೋ ಬೀಡಿಯ ಲೆಕ್ಕ. ‘ರಿಜೆಕ್ಟ್’ ಅನ್ನೋ ಶಬ್ದ ಆಕೆಗೆ ಮೊದಲೇ ಗೊತ್ತಿತ್ತು, ಅವ್ವನ ಬಾಯಿಂದಲೇ ಕಲಿತಿದ್ದಳು. ಬರೆದು ಮುಗಿಸಿ, ‘ಅಣ್ಣಾ, ಇದನ್ನ ಪರೀಕ್ಷಾದಾಗ ಬರದರ ನಡೀತೈತೇನ್ರಿ?’ ಅಂತ ಕೇಳಿದಳು.

ನಡೀತದೆ ಅಂದೆ. ಪೇಪರ್ ತಿದ್ದೋ ಮಾಸ್ತರರು, ಅಕ್ಕೋರು ಯಾರಾದರೂ ಈ ಪೋಸ್ಟು ಓದ್ತಾ ಇದ್ದರೆ, ನಾನು ಆ ಮಗುವಿಗೆ ಮಾತು ಕೊಟ್ಟೀನಿ, ಮಾರ್ಚಿನಲ್ಲಿ ನೆನಪಿಟ್ಟುಕೊಳ್ರಿ.

ಭವನಕ್ಕೆ ಕನ್ನಡ-ಇಂಗ್ಲಿಷ್, ಮರಾಠಿ-ಇಂಗ್ಲಿಷ್ ಡಿಕ್ಷನರಿ ಬೇಕು. ಹಳೇವು ನಡೀತಾವು, ರಟ್ಟು ಹರಿದಿದ್ದರೂ ಪರವಾಗಿಲ್ಲ. ಭಾನುವಾರ ಎರಡು ತಾಸು ಕೊಡೋ ಪದವೀಧರ ಹುಡುಗ ಹುಡಿಗ್ಯಾರು ಇದ್ದರೆ ಇನ್ಬಾಕ್ಸಿಗೆ ಬರ್ರಿ. ಗೈಡು ಮಾತ್ರ ತರಬ್ಯಾಡ್ರಿ.

ಜೈಭೀಮ್.